ಕರಗಿದ್ದಲ್ಲ, ಮುರಿದದ್ದು

'ಮೆತ್ತಗೆ' ಎಂಬ ಪದವನ್ನು ಅಷ್ಟು ಗಟ್ಟಿಯಾಗಿ ಗದರುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಪಿಷ್ಟದ ದ್ರಾವಣವಿದ್ದ ಶೀಶೆಯನ್ನು ಯಾರಾದರೂ ತುಸು ಜೋರಾಗಿ ಕುಲುಕಿದರೆ ಸಾಕು, ಪ್ರಯೋಗಾಲಯದ ಆ ಮೂಲೆಯಿಂದ "ಮೆತ್ತಗೆ, ಮೆತ್ತಗೆ. ಏನು ಬಟ್ಟೆ ಒಗೀತಿದ್ದೀಯಾ?" ಎಂಬ ಗುಡುಗು ಬಂದು, ಕಪಾಟಿನ ಗಾಜುಗಳೆಲ್ಲ ಕಿಣಿಕಿಣಿ ಎನ್ನುತ್ತಿದ್ದವು. ಎದುರಿಗೆ ಅವರು ಮೇಡಂ. ಬೆನ್ನ ಹಿಂದೆ ಮೆತ್ತಗಮ್ಮ.

ನೆಲದೊಂದಿಗೆ ಹಳೆಯ ವ್ಯಾಜ್ಯವೊಂದು ಇತ್ಯರ್ಥವಾಗದೆ ಉಳಿದಿದೆಯೇನೋ ಎಂಬಂತೆ ಹಿಮ್ಮಡಿ ಗುದ್ದಿ ನಡೆಯುತ್ತಿದ್ದರು. ತಮ್ಮ ಬಿಳಿ ಕೋಟಿನ ಜೇಬುಗಳನ್ನು ತಾವೇ ಕಪ್ಪು ದಾರದಿಂದ ಹೊಲಿದು ಮುಚ್ಚಿದ್ದರು. ಜೇಬಿದ್ದರೆ ಕೈಗೆ ಸೋಮಾರಿತನದ ಚಟ ಹತ್ತುತ್ತದೆ ಎಂಬುದು ಅವರ ಸಿದ್ಧಾಂತ.

ನಾನೋ, ಪದವಿಯ ಬಿಸಿ ಆರದೆ, ಸಂಬಳದ ರುಚಿ ಮಾತ್ರ ಹತ್ತಿದ್ದ ಪ್ರಾಣಿ. ಪಿಷ್ಟದ ಅಣುತೂಕ ಅಳೆಯುತ್ತೇನೆಂದು ಮನೆಯಲ್ಲಿ ಬೀಗಿದಾಗ ಅತ್ತಿಗೆ, "ಹಿಟ್ಟು ತೂಗೋಕೆ ಇಷ್ಟೆಲ್ಲ ಓದ್ಬೇಕಿತ್ತಾ?" ಎಂದು ಕೇಳಿ ನನ್ನ ತೂಕವನ್ನು ನಿಷ್ಕರ್ಷೆ ಮಾಡಿಬಿಟ್ಟಿದ್ದರು. ಆ ವಿದ್ಯೆ ನನಗೆ ನಿಜವಾಗಿ ಅರ್ಥವಾದದ್ದು ಮೇಡಂ ಬೈಗುಳದಲ್ಲಿ. ಉಕ್ಕಿನ ಕೊಳವೆಯೊಳಗೆ ತೂತುತೂತಾದ ಸೂಕ್ಷ್ಮ ಮಣಿಗಳಿರುತ್ತವೆ. ಪಿಷ್ಟದ ದ್ರಾವಣ ಹರಿಯುವಾಗ ಚಿಕ್ಕ ಅಣುಗಳು ಕಂಡಕಂಡ ತೂತಿಗೆಲ್ಲ ನುಸುಳಿ ತಡವಾಗಿ ಬರುತ್ತವೆ, ಯಾವ ತೂತಿಗೂ ಹಿಡಿಸದ ದೊಡ್ಡವು ನೆಟ್ಟಗೆ ಹರಿದು ಮೊದಲು ಹೊರಬೀಳುತ್ತವೆ. ಹೊರಬಂದ ಹೊತ್ತಿನಿಂದ ಗಾತ್ರ, ಗಾತ್ರದಿಂದ ತೂಕ. "ಅಡುಗೆಮನೆ ಜರಡಿಗೆ ಪೂರ್ತಿ ಉಲ್ಟಾ. ತಲೇಲಿ ಇಟ್ಕೋ, ಜಾಗ ಇದ್ರೆ," ಎಂದಿದ್ದರು.

ಅವರೆದುರು 'ಕರಗಿದೆ' ಎನ್ನುವಂತಿರಲಿಲ್ಲ. "ಕಣ್ಣಿಗೆ ಕಾಣ್ತಿಲ್ಲ ಅನ್ನು. ಕರಗಿದ್ಯೋ ಇಲ್ವೋ, ಅದನ್ನ ನಿನ್ನ ಕಣ್ಣು ತೀರ್ಮಾನ ಮಾಡೋದಲ್ಲ." ಪಿಷ್ಟದ ಕವಲುಕವಲಾದ ಮಹಾಕಾಯ ಅಣುಗಳು ಬಿಸಿ ದ್ರಾವಕದಲ್ಲಿ ರಾತ್ರಿಯಿಡೀ ನಿಧಾನವಾಗಿ ತಿರುಗಿದರೆ ಮಾತ್ರ ಇಡಿಯಾಗಿ ಬಿಡಿಸಿಕೊಳ್ಳುತ್ತವೆ. ಆದರೆ ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸಾಹೇಬರಿಗೆ ನಿಧಾನವೆಂದರೆ ಮೈಯೆಲ್ಲ ಉರಿ. ಕಿವಿಗೆ ಕೇಳಿಸದ ಶಬ್ದದಿಂದ ನೀರನ್ನು ನಡುಗಿಸುವ ತೊಟ್ಟಿಯೊಂದನ್ನು ತರಿಸಿ, ಅದರಲ್ಲಿ ಶೀಶೆ ಅದ್ದಿ, ಚಹಾ ಮುಗಿಯುವಷ್ಟರಲ್ಲಿ ಎತ್ತಿ ತೋರಿಸಿದರು. ದ್ರಾವಣ ಕನ್ನಡಿಯಂತೆ ತಿಳಿಯಾಗಿತ್ತು.

"ನೋಡಿ, ಕರಗೇ ಹೋಯ್ತು."

"ಕರಗಿಲ್ಲ ಸರ್. ಮುರಿದಿದೆ," ಎಂದರು ಮೇಡಂ.

ಸಾಹೇಬರು ನಕ್ಕರು. ಅಂದಿನಿಂದ ವರದಿಗಳು ತೊಟ್ಟಿಯ ವೇಗದಲ್ಲಿ ಹೊರಟವು; ಅವುಗಳ ಮೇಲೆ ಮೇಡಂ ಸಹಿ ಇರಲಿಲ್ಲ.

ಆಮೇಲೊಂದು ದಿನ ಗಿರಣಿಯ ಯಜಮಾನರೊಬ್ಬರು ಬಂದರು. ಅವರ ಪಿಷ್ಟದ ಅಣುತೂಕ ಈ ಸಲ ದಿಢೀರನೆ ಕುಸಿದಿದೆಯೆಂದು ನಮ್ಮ ವರದಿ ಹೇಳಿತ್ತು. ಕಲಬೆರಕೆ ಎಂದು ಖರೀದಿದಾರರು ಸರಕನ್ನು ತಿರಸ್ಕರಿಸಿದ್ದರು. "ನಾನು ಏನೂ ಬೆರೆಸಿಲ್ಲ ತಾಯಿ," ಎಂದರು, ಟೋಪಿಯನ್ನು ಕೈಯಲ್ಲಿ ಹಿಂಡುತ್ತ. "ಗಿರಣಿ ನಿಂತೋಗುತ್ತೆ. ನಮ್ಮ ಹುಡುಗರೇ ನನ್ನ ಮುಖ ನೋಡ್ತಿಲ್ಲ." ಹಿಂದಿನ ಸರಕನ್ನೆಲ್ಲ ನಾವು ನಿಧಾನವಾಗಿ ಕರಗಿಸಿ ಅಳೆದಿದ್ದೆವು; ಇದೊಂದನ್ನು ತೊಟ್ಟಿಗೆ ಅದ್ದಿದ್ದೆವು.

ಮೇಡಂ ಉಳಿದಿದ್ದ ಮಾದರಿಯನ್ನು ತಮ್ಮ ರೀತಿಯಲ್ಲಿ ಕರಗಿಸಿದರು. ಕೊಳವೆಗೆ ಹಾಕುವಾಗ ನಾನೂ ಜೊತೆಗಿದ್ದೆ, ಮೆತ್ತಗೆ. ಮರುದಿನ ಎರಡೂ ರೇಖಾಚಿತ್ರಗಳನ್ನು ಕಿಟಕಿಯ ಗಾಜಿಗೆ ಒಂದರ ಮೇಲೊಂದು ಒತ್ತಿ ಹಿಡಿದರು. ತೊಟ್ಟಿಯಲ್ಲಿ ಅದ್ದಿದ್ದರ ಗುಡ್ಡ ಎಷ್ಟೋ ತಡವಾಗಿ ಎದ್ದಿತ್ತು, ಚಿಕ್ಕ ಅಣುಗಳದ್ದರಂತೆ. ಮುರಿದದ್ದು ಪಿಷ್ಟ, ಮುರಿದವರು ನಾವು.

"ಸರಿ, ತಪ್ಪೇ ಅಂದ್ಕೊಳ್ಳೋಣ," ಎಂದರು ಸಾಹೇಬರು ಬಾಗಿಲು ಮುಚ್ಚಿ. "ಇದನ್ನ ವಾಪಸ್ ತಗೊಂಡ್ರೆ ಮಿಕ್ಕ ವರದಿಗಳ ಗತಿ? ಸ್ವಲ್ಪ ಹೊಂದ್ಕೊಂಡು ಹೋಗಿ ಮೇಡಂ."

"ಆ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿ ಹೊಂದ್ಕೊಳ್ಳೋದಾ?"

ಮೇಡಂ ಬಾಗಿಲು ತೆರೆದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಯಜಮಾನರ ಕೈಗೆ ಎರಡೂ ಹಾಳೆಗಳನ್ನಿಟ್ಟು, ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿದರು: "ನಿಮ್ಮ ಹಿಟ್ಟು ಸರಿಯಾಗಿದೆ. ಕೆಟ್ಟಿರೋದು ನಮ್ಮ ಕೆಲಸ."

ಯಜಮಾನರ ಗಿರಣಿ ಉಳಿಯಿತು. ಮೇಡಂ ಕೆಲಸ ಉಳಿಯಲಿಲ್ಲ. ಬೀಳ್ಕೊಡುಗೆಯೂ ಇರಲಿಲ್ಲ, ಜೇಬು ಹೊಲಿದ ಕೋಟನ್ನು ಮೊಳೆಗೆ ನೇತುಹಾಕಿ, ಮೆಟ್ಟಿಲುಗಳನ್ನು ಗುದ್ದಿಕೊಂಡು ಇಳಿದುಹೋದರು. ತೊಟ್ಟಿ ಈಗಲೂ ನಡುಗುತ್ತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಕೈಯಲ್ಲಿರುವುದನ್ನು ಎಸೆಯಬೇಕೆನಿಸುತ್ತದೆ. ಕೈಯಲ್ಲಿ ಸಾಮಾನ್ಯವಾಗಿ ಕಂಪನಿಯ ಗಾಜಿರುವುದರಿಂದ ಎಸೆಯುವುದಿಲ್ಲ.

ಇಂಥವರನ್ನು ಲೋಕ ಸಿಡುಕರೆನ್ನುತ್ತದೆ, ಹೊಂದಿಕೊಳ್ಳಲು ಬಾರದವರೆನ್ನುತ್ತದೆ. ಯಾವ ತೂತಿಗೂ ಹಿಡಿಸದ ಅವರು ಎಲ್ಲ ಕಚೇರಿಗಳಿಂದಲೂ ಮೊದಲು ಹೊರಬೀಳುತ್ತಾರೆ, ಆದರೆ ಇಡಿಯಾಗಿ. ಒಳಗುಳಿದ ನಾವು ಬಹಳ ತಿಳಿಯಾಗಿ ಕಾಣುತ್ತೇವೆ. ಬೆಳಕಿಗೆ ಎತ್ತಿ ಹಿಡಿದವರೆಲ್ಲ, ಎಷ್ಟು ಚೆನ್ನಾಗಿ ಕರಗಿದ್ದಾರೆ ನೋಡಿ ಎನ್ನುತ್ತಾರೆ.