ನಾಲ್ಕು, ಐದು, ಹನ್ನೊಂದು

ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ರಜನಿಗೂ ತುಳಸಿರಾಮ ಮಾಸ್ತರರಿಗೂ ಸ್ನೇಹ ಬೆಳೆದದ್ದು ಒಂದು ಆಟದಿಂದ. ಆಕೆ ಖೇಡದ ಆಸ್ಪತ್ರೆಯಲ್ಲಿ ನರ್ಸು. ಅವರು ಅಲ್ಲಿಯೇ ಗಣಿತ ಕಲಿಸುತ್ತಿದ್ದರು, ವಯಸ್ಸಿನಲ್ಲಿ ಆಕೆಗಿಂತ ಬಹಳ ಹಿರಿಯರು. ಆಟ ಕಲಿಸಿಕೊಟ್ಟವರೂ ಅವರೇ.

ಒಬ್ಬರಾದ ಮೇಲೊಬ್ಬರು ಒಂದೊಂದು ಸಂಖ್ಯೆ ಹೇಳಬೇಕು. ಆಗಲೇ ಹೇಳಿದ ಸಂಖ್ಯೆಗಳನ್ನು ಎಷ್ಟು ಸಲ ಬೇಕಾದರೂ ಕೂಡಿಸಿ ಕಟ್ಟಬಹುದಾದ ಸಂಖ್ಯೆಯನ್ನು ಹೇಳುವಂತಿಲ್ಲ. ನಾಲ್ಕು, ಐದು ಹೇಳಿಯಾಗಿದ್ದರೆ ಎಂಟು ಇಲ್ಲ, ಒಂಬತ್ತು ಇಲ್ಲ, ಹದಿಮೂರೂ ಇಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ 'ಒಂದು' ಎಂದವರು ಸೋತಂತೆ.

ರಜನಿ ದಿನಾ ಸೋಲುತ್ತಿದ್ದಳು. ಸೋತರೂ ಮರುದಿನ ಸೀಟು ಹಿಡಿದಿಟ್ಟು ಅವರಿಗಾಗಿ ಕಾಯುತ್ತಿದ್ದಳು. ಆಸ್ಪತ್ರೆಯಲ್ಲಿ ಎಲ್ಲರೂ ಕೆಲಸ ಹೇಳುವವರೇ. ಆಕೆಯ ತಲೆಗೆ ಬೆಲೆ ಕೊಟ್ಟು ಕೂತು ಮಾತಾಡಿದವರು ಇವರೊಬ್ಬರೇ.

ಒಂದು ಶ್ರಾವಣದ ಬೆಳಿಗ್ಗೆ ಆಕೆ ನಾಲ್ಕು ಎಂದಳು, ಅವರು ಐದು ಎಂದರು. ಏನೂ ತೋಚದೆ ಆಕೆ ಹನ್ನೊಂದು ಎಂದಳು. ನಾಲ್ಕು, ಐದರಿಂದ ಕಟ್ಟಲಾಗದ ಸಂಖ್ಯೆಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಹನ್ನೆರಡರಿಂದ ಆಚೆಯವೆಲ್ಲ ಆ ಎರಡರಿಂದಲೇ ಆಗುತ್ತವೆ. ಅದನ್ನು ಹೇಳಿದರೆ ಬೇರೆ ಯಾವ ಸಂಖ್ಯೆಗೂ ಅಡ್ಡಿಯಿಲ್ಲ, ಒಂದು ಸರದಿ ಕಳೆದಂತಾಗುತ್ತದೆ ಅಷ್ಟೇ ಎಂದುಕೊಂಡಿದ್ದಳು. ಮಾಸ್ತರರು ಏಳು ಎಂದರು, ಆಕೆ ಆರು. ಅವರು ಮೂರು, ಆಕೆ ಎರಡು. ಮಾಸ್ತರರಿಗೆ ಉಳಿದದ್ದು ಒಂದೇ.

ಹಿಂದಿನ ಸೀಟಿನ ಈಶಪ್ಪ, ಕೋರ್ಟಿನ ಜವಾನ, ಇಡೀ ಬಸ್ಸಿಗೆ ಕೇಳುವಂತೆ, ನರ್ಸಮ್ಮ ಮಾಸ್ತರರನ್ನು ಸೋಲಿಸಿದಳೆಂದು ಸಾರಿದ. ಜನ ನಕ್ಕರು. ಮಾಸ್ತರರ ಮುಖ ಕೆಂಪಾಯಿತು.

"ಏಳರ ಬದ್ಲಿ ಆರು ಅಂದಿದ್ರ ನಾನೇ ಗೆಲ್ತಿದ್ದೆ," ಎಂದರು. "ಪಾಪ, ಒಮ್ಮಿಯರ ಗೆಲ್ಲಲಿ ಅಂತ ಬಿಟ್ಟೀನಿ."

ಆ 'ಪಾಪ' ಎಂಬ ಮಾತು ರಜನಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಮರುದಿನದಿಂದ ಆಕೆ ಅದಕ್ಕಿಂತ ಮುಂಚೆ ಹೊರಡುವ ಬಸ್ಸು ಹತ್ತಿದಳು. ಎದುರು ಸಿಕ್ಕರೆ ನಮಸ್ಕಾರ, ಅಷ್ಟೇ. ಹೀಗೇ ಎಷ್ಟೋ ವರ್ಷ ನಡೆದು, ಆಮೇಲೆ ಆಕೆಗೆ ತಾಂಡೂರಿಗೆ ವರ್ಗವಾಯಿತು. ಹೇಳಿ ಹೋಗಲೂ ಇಲ್ಲ.

ವರ್ಷಗಳು ಕಳೆದವು. ತಾಂಡೂರಿನಲ್ಲಿ ರೋಗಿಗಳಿಲ್ಲದ ಒಂದು ಮಧ್ಯಾಹ್ನ, ಜೊತೆಯ ನರ್ಸು ಸಾಯಮ್ಮ ಹೊತ್ತು ಹೋಗದೆ ಆಕಳಿಸುತ್ತಿದ್ದಾಗ, ರಜನಿ ಆ ಆಟ ಕಲಿಸಿದಳು. ಆಡುತ್ತಾ ಆಡುತ್ತಾ ಮತ್ತೆ ನಾಲ್ಕು, ಐದು, ಹನ್ನೊಂದು ಬಂತು. ಸಾಯಮ್ಮ ಆರು ಎಂದಳು. ರಜನಿ ಏಳು ಎಂದಳು, ಕೊನೆಗೆ ಗೆದ್ದಳು. ಇನ್ನೊಮ್ಮೆ ಅದೇ ಮೂರು ಸಂಖ್ಯೆಗಳಿಂದ ಮುಂದುವರಿಸಿದರು. ಸಾಯಮ್ಮ ಎರಡು ಎಂದರೆ ಮೂರು, ಮೂರು ಎಂದರೆ ಎರಡು, ಏಳು ಎಂದರೆ ಆರು. ಯಾವ ಕಡೆಯಿಂದ ಬಂದರೂ ಅದಕ್ಕೆ ಜೋಡಿಯಾದ ಸಂಖ್ಯೆ ರಜನಿಯ ಕೈಯಲ್ಲಿತ್ತು. ಹನ್ನೊಂದು ಬಿದ್ದ ಮೇಲೆ ಎದುರಿನವರಿಗೆ ಗೆಲುವೇ ಇರಲಿಲ್ಲ.

ಅಂದರೆ ಅಂದು ಯಾರೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ.

ಆ ಭಾನುವಾರವೇ ಆಕೆ ಜಹೀರಾಬಾದಿಗೆ ಹೋದಳು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದಳು. ಬಾಗಿಲು ತೆರೆದ ಮಾಸ್ತರರ ಹೆಂಡತಿ ಮಾಣಿಕಮ್ಮ, ಹೆಸರು ಕೇಳುತ್ತಲೇ ಕೈ ಹಿಡಿದು ಒಳಗೆ ಕರೆದಳು.

"ನೀನೇ ಏನವ್ವ ಇವ್ರನ್ನ ಸೋಲ್ಸಿದಾಕಿ? ಅವತ್ತ ಸಂಜಿ ಊಟಕ್ಕ ಕುಂತಾಗ ಬರೇ ನಿನ್ನ ಮಾತೇ. ಹುಡುಗಿ ಕಲ್ತಳು, ನನ್ನ ಸೋಲ್ಸಿದಳು ಅಂತ ಎಷ್ಟ್ ಖುಷಿ ಇತ್ತು."

ರಜನಿ ಹೊಂದಿಸಿಕೊಂಡಿದ್ದ ಮಾತುಗಳಲ್ಲಿ ಒಂದೇ ಪ್ರಶ್ನೆ ಉಳಿಯಿತು.

ನಿವೃತ್ತರಾಗಿದ್ದ ಮಾಸ್ತರರು ಒಳಕೋಣೆಯಿಂದ ಬಂದರು, ಕಿವಿ ಮಂದವಾಗಿತ್ತು. ಆಕೆ ಜೋರಾಗಿ, ಅಂದು ಬಿಟ್ಟೆನೆಂದು ಯಾಕೆ ಹೇಳಿದಿರಿ ಎಂದು ಕೇಳಿದಳು.

"ಹಂಗಂದಿದ್ನಾ? ಜನ ನಕ್ಕರಲ್ಲ, ಬಾಯಿಗ್ ಬಂದಿರ್ಬೇಕು." ನೆಲ ನೋಡುತ್ತ ಮುಂದುವರಿಸಿದರು. "ನೀ ಬರೋದು ಬಿಟ್ಟಿ. ನನ್ನಿಂದೇನೋ ತಪ್ಪಾಗ್ಯಾದ ಅಂತ ಗೊತ್ತಿತ್ತು ತಂಗಿ. ಏನಂತ ಗೊತ್ತಾಗ್ಲಿಲ್ಲ. ಕೇಳಾಕ ನಾಚಿಕಿ ಆತು."

"ನಾನರ ಕೇಳಬೇಕಿತ್ರಿ ಸಾರ್," ಎಂದಳು ರಜನಿ.

ಅವರಿಗೆ ಕೇಳಿಸಲಿಲ್ಲ. ಆಕೆಯೂ ಮತ್ತೆ ಹೇಳಲಿಲ್ಲ. ಚಹಾ ಕುಡಿದು, ಒಂದು ಆಟ ಆಡಲು ಕೂತರು. ಸಂಖ್ಯೆಗಳನ್ನು ಕೂಗಿ ಕೂಗಿ ಹೇಳಬೇಕಾಗುತ್ತಿತ್ತು. ನಡುವೆಯೇ ಅವರು ದಣಿದು, ಈಗ ಲೆಕ್ಕ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಕೈಚೆಲ್ಲಿದರು. ಮತ್ತೆ ಯಾವಾಗ ಬರುತ್ತೀ ಎಂದು ಕೇಳಿದಾಗ ಆಕೆ, ಬರುತ್ತೇನೆ ಎಂದಳು.

ತಾಂಡೂರಿನ ಬಸ್ಸು ಹೊರಟಿತು. ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ಎಷ್ಟೋ ವರ್ಷ ಇಬ್ಬರೂ ಒಂದೇ ಊರಿನಿಂದ ಒಂದೇ ಊರಿಗೆ, ಬೇರೆ ಬೇರೆ ಬಸ್ಸಿನಲ್ಲಿ ಹೋಗಿದ್ದರು. ರಜನಿ ಕಿಟಕಿಗೆ ತಲೆಯಾನಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.