ತ್ರಿಕೋನ ತೋರಿಸಿದವರ ಹೂಮಾಲೆ

ಓಸ್ಮೊ ರೌಟಿಯೊನನ್ನು ಕೆಲಸದಿಂದ ತೆಗೆದುಹಾಕಿದ ಕಂಪನಿಯೇ ಅವನ ಶವಪೆಟ್ಟಿಗೆಗೆ ಎಲ್ಲರಿಗಿಂತ ದೊಡ್ಡ ಹೂಮಾಲೆ ತಂದಿತ್ತು. ಹೊರಲು ಇಬ್ಬರು ಬೇಕಾದರು. ಒಂದು ಬದಿಯನ್ನು ನಿರ್ದೇಶಕ ಸಕಾರಿ ಹೋಲ್ಮ ಹಿಡಿದಿದ್ದ. ಇನ್ನೊಂದು ಬದಿಗೆ ಬಾ ಎಂದು ಮೆರ್ವಿಗೆ ಕಣ್ಸನ್ನೆ ಮಾಡಿದ. ಓಸ್ಮೊನ ಹಳೆಯ ಸಹೋದ್ಯೋಗಿ ಮೆರ್ವಿ ಈಗಲೂ ಅದೇ ಕಂಪನಿಯ ಅನ್ನ ತಿನ್ನುವವಳು. ಎದ್ದು ಹೋಗಿ ಹಿಡಿದಳು.

ಮಾಲೆ ಇಟ್ಟವರು ಅದರ ರಿಬ್ಬನ್ನಿನ ಮೇಲಿರುವ ಮಾತನ್ನು ಸತ್ತವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದುವುದು ಅಲ್ಲಿನ ಪದ್ಧತಿ. ಓಸ್ಮೊನ ಅಕ್ಕ ಹಿಲ್ಕಳಿಗೆ ಕಣ್ಣು ಕಾಣದು. ಅವಳು ಪೆಟ್ಟಿಗೆಯ ಮರವನ್ನು ತಡವಿ, "ಹೋಗಿ ಬಾ ತಮ್ಮಾ. ಒಲೆ ನಾನು ನೋಡ್ಕೋತೀನಿ" ಎಂದಷ್ಟೇ ಹೇಳಿ ಹಿಂದೆ ಸರಿದಿದ್ದಳು. ಈಗ ಸಕಾರಿ ಗಂಟಲು ಸರಿಮಾಡಿಕೊಂಡು ಓದಿದ:

"ಪ್ರೀತಿಯ ಓಸ್ಮೊ, ನಿನ್ನ ವಿಶಾಲ ಮನಸ್ಸೇ ನಮ್ಮ ದಾರಿದೀಪ."

ಹಿಂದಿನ ಬೆಂಚಿನಲ್ಲಿ ಟೊಯ್ವೊ ಕೆಮ್ಮಿದ. ಕಾಯಾನಿ ಊರಿನ ಗ್ರಂಥಾಲಯದಿಂದ ಹಳ್ಳಿಹಳ್ಳಿಗೆ ಹೋಗುವ ಪುಸ್ತಕ ಬಸ್ಸಿನಲ್ಲಿ ಓಸ್ಮೊನ ಜೊತೆಗಾರನಾಗಿದ್ದವನು ಅವನು. ಅದು ಕೆಮ್ಮಲ್ಲ ಎಂದು ಪಾದ್ರಿಗೂ ಗೊತ್ತಾಯಿತು.

*

ಓಸ್ಮೊನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಗಂಜಿ, ಶನಿವಾರ ಸೌನಾದಲ್ಲಿ ಹಬೆಸ್ನಾನ, ನಡುವೆ ಬೇರೆಯವರು ಬರೆದ ಕೋಡ್ ಓದುವುದು. ಲೋಕದ ಎಷ್ಟೋ ಯಂತ್ರಗಳ ಅಡಿಪಾಯವಾಗಿ ಕೂತಿರುವ ಕರ್ನಲ್ ಎಂಬ ತಂತ್ರಾಂಶ ಯಾರೊಬ್ಬರ ಸ್ವತ್ತಲ್ಲ, ಎಲ್ಲರದು. ಅದರಲ್ಲಿ ಪರದೆಗೆ ಚಿತ್ರ ಮೂಡಿಸುವ ಚಿಪ್‌ಗಳ ಒಂದು ಮೂಲೆಗೆ ಓಸ್ಮೊ ಮತ್ತು ಮೆರ್ವಿ ಕಾವಲು. ಕಾವಲಿಗೆ ಸಂಬಳವಿಲ್ಲ. ಹೊಟ್ಟೆಪಾಡಿಗೆ ಇಬ್ಬರೂ ಕಂಪನಿಯಲ್ಲಿದ್ದರು.

ಚಿಪ್ ಮಾಡುವವರು ಕರ್ನಲ್ಲಿನೊಳಕ್ಕೆ ತಮ್ಮದೊಂದು ಹೊಸ ಬಾಗಿಲು ಬೇಕೆಂದು ಬರುತ್ತಾರೆ. ಅಲ್ಲಿನ ಕಟ್ಟಳೆ ಗಟ್ಟಿ. ಆ ಬಾಗಿಲಿನಲ್ಲಿ ಓಡಾಡಲಿರುವ ಅಸಲಿ ಪ್ರೋಗ್ರಾಂ ಮೊದಲು ಬಯಲಿಗೆ ಬರಬೇಕು, ಯಾರು ಬೇಕಾದರೂ ಓದುವಂತಿರಬೇಕು, ಬಲ್ಲವರು ಓದಿ ಸೈ ಅಂದಿರಬೇಕು. ಆಮೇಲೆ ಬಾಗಿಲು. ಯಾಕೆಂದರೆ ಒಮ್ಮೆ ತೆರೆದ ಬಾಗಿಲನ್ನು ಮತ್ತೆ ಮುಚ್ಚುವ ಹಾಗಿಲ್ಲ, ಅದನ್ನು ನಂಬಿದ ಯಂತ್ರ ಎಲ್ಲೋ ಒಂದು ಇದ್ದೇ ಇರುತ್ತದೆ. ತೆರೆಸಿದವನು ಎದ್ದು ಹೋದರೂ ಗುಡಿಸುವವರು ಗುಡಿಸುತ್ತಲೇ ಇರಬೇಕು. ಯಾರಿಗಾಗಿ ಗುಡಿಸುತ್ತಿದ್ದೇವೆ ಎಂದು ನೋಡುವ ಹಕ್ಕಾದರೂ ಬೇಡವೇ?

ಒಂದು ದಿನ ತಾನು ದುಡಿಯುವ ಕಂಪನಿ ಕೇಳಿದ ಬಾಗಿಲೇ ಓಸ್ಮೊನ ಮುಂದೆ ಬಂತು. ಸಕಾರಿ ಅವನನ್ನು ಕೋಣೆಗೆ ಕರೆಸಿ ಪರದೆ ತಿರುಗಿಸಿದ. ಒಂದು ಕೆಂಪು ತ್ರಿಕೋನ ಮೂಡಿತು.

"ಇದೇನು?"

"ಬಯಲು ಪ್ರೋಗ್ರಾಂ. ನಿಮ್ಮ ಕಟ್ಟಳೆ ಕೇಳಿದ್ದು."

"ತ್ರಿಕೋನ ಬಿಟ್ಟು ಇನ್ನೇನು ಬರೆಯುತ್ತೆ?"

"ಸಾಲದಾ?"

"ನಿನ್ನ ಗಿರಾಕಿಗಳು ತ್ರಿಕೋನ ನೋಡೋಕೆ ಚಿಪ್ ಕೊಳ್ತಾರಾ? ಅವರಿಗೆ ಕೊಡೋ ಅಸಲಿದು ಎಲ್ಲಿ?"

"ಅದು ವ್ಯಾಪಾರದ ಗುಟ್ಟು. ಹೊರಗೆ ಬರಲ್ಲ."

"ಹಂಗಾದ್ರೆ ಇದು ಒಳಗೆ ಹೋಗಲ್ಲ."

"ನಿನಗೆ ಸಂಬಳ ಕೊಡೋರು ಯಾರು ಅಂತ ನೆನಪಿದೆಯಾ?"

"ಇದೆ. ಕೋಡ್ ಓದು ಅಂತ ಕೊಡ್ತೀರಿ. ಓದಿದೆ."

ಆ ವಾರವೇ ಅವನ ಮೇಜು ಖಾಲಿಯಾಯಿತು. ಆದರೆ ಕಾವಲು ಕಿತ್ತುಕೊಳ್ಳಲು ಕಂಪನಿಗೆ ಅಧಿಕಾರವಿರಲಿಲ್ಲ, ಅದು ಅವರು ಕೊಟ್ಟದ್ದಲ್ಲ. ಓಸ್ಮೊ ಹಗಲು ಪುಸ್ತಕ ಬಸ್ ಓಡಿಸಿದ, ಸಂಜೆ ಅಡಿಗೆಮನೆಯ ಮೇಜಿನ ಮೇಲೆ ಕೋಡ್ ಓದಿದ. ತ್ರಿಕೋನ ಪ್ರತಿ ವರ್ಷ ಹೊಸ ಅಂಗಿ ತೊಟ್ಟು ಬಂತು, ಪ್ರತಿ ವರ್ಷ ಅವನಿಂದ ಒಂದೇ ಸಾಲಿನ ಉತ್ತರ ಹೋಯಿತು: ಅಸಲಿ ಪ್ರೋಗ್ರಾಂ ಎಲ್ಲಿ?

ಮೆರ್ವಿ ಬಾಯಿ ಬಿಡಬೇಕಾದ ಸಂದರ್ಭವೇ ಬರಲಿಲ್ಲ. ಓಸ್ಮೊನ ಒಂದು 'ಇಲ್ಲ' ಇಬ್ಬರಿಗೂ ಸಾಕಾಗುತ್ತಿತ್ತು.

*

ಪೆಟ್ಟಿಗೆಯನ್ನು ಪಟ್ಟಿಗಳಿಂದ ಗುಂಡಿಗೆ ಇಳಿಸಿ, ಹೊತ್ತವರೇ ಮಣ್ಣೆಳೆಯಲು ಸಲಿಕೆ ಹಿಡಿದರು. ಸಕಾರಿಯೂ ಒಂದು ಸಲಿಕೆ ಕೇಳಿ ಪಡೆದ. ಕೈಗವಸು ತೆಗೆಯಲಿಲ್ಲ. ಕಂಪನಿಯ ಹುಡುಗಿಯೊಬ್ಬಳು ಫೋಟೊ ಹೊಡೆಯುವವರೆಗೆ ಮಣ್ಣು ಹಾಕಿದ, ಆಮೇಲೆ ಬೂಟಿನ ಮೇಲೆ ಬಿದ್ದದ್ದನ್ನು ಕೊಡವುತ್ತಾ ಮೆರ್ವಿಯ ಪಕ್ಕಕ್ಕೆ ಬಂದ.

"ಸೋಮವಾರ ನಮ್ಮ ಬಾಗಿಲಿನ ಪ್ಯಾಚ್ ಮತ್ತೆ ಬರುತ್ತೆ. ಈಗ ಕಾವಲು ನಿನ್ನೊಬ್ಬಳದೇ ಅಲ್ವಾ?"

"ಅಸಲಿ ಪ್ರೋಗ್ರಾಂ ಇದೆಯಾ?"

"ಮುಂಚೆ ಬರೀ ತ್ರಿಕೋನ ಇತ್ತು. ಈಗ ಅದು ತಿರುಗುತ್ತೆ."

ಟೊಯ್ವೊ ಸಲಿಕೆ ಊರಿ ನಿಂತ. "ತಿರುಗುತ್ತಾ! ಕೇಳಿಸ್ಕೊಂಡ್ಯಾ ಓಸ್ಮೊ? ಎದ್ದು ಬಾರಯ್ಯಾ, ತಿರುಗುತ್ತಂತೆ."

"ನಾನು ಇವಳ ಹತ್ರ ಮಾತಾಡ್ತಿದ್ದೀನಿ" ಎಂದ ಸಕಾರಿ.

"ಮಾತಾಡು, ಮಾತಾಡು. ಆದ್ರೆ ಆ ಸಲಿಕೆ ಇತ್ತ ಕೊಡು. ಅದು ಒರಗಿ ನಿಲ್ಲೋಕಲ್ಲ."

ಸಕಾರಿ ಸಲಿಕೆ ಕೊಟ್ಟು ದನಿ ತಗ್ಗಿಸಿದ. "ನಮ್ಮ ಸಂತಾಪಪತ್ರದಲ್ಲಿ ಎಲ್ಲ ಬರೆದಿದ್ದೀವಿ. ಕಾಫಿಗೆ ಕೂತಾಗ ಪತ್ರಗಳನ್ನ ಓದೋಳು ನೀನೇ ಅಂತೆ. ಚೆನ್ನಾಗಿ ಓದು. ಎಲ್ಲರೂ ಕೇಳಿಸ್ಕೊಳ್ಳಲಿ."

"ಓದದಿದ್ರೆ?"

"ನಿನಗೆ ಇಬ್ಬರು ಮಕ್ಕಳಲ್ವಾ, ಮೆರ್ವಿ?" ಸಕಾರಿ ನಕ್ಕ. "ಬಸ್ ಓಡಿಸೋಕೆ ಬರುತ್ತಾ ನಿನಗೆ?"

ಮಂಜುಗಟ್ಟಿದ ಮಣ್ಣಿನ ಹೆಂಟೆಗಳು ಪೆಟ್ಟಿಗೆಯ ಮೇಲೆ ದಬದಬ ಬೀಳುತ್ತಿದ್ದವು.

*

ಹಿಲ್ಕಳ ಕಣ್ಣು ಮಂಜಾದ ಕಾಲಕ್ಕೆ ಪುರಸಭೆಯವರು ಅವಳಿಗೆ ಓದುವ ಯಂತ್ರವೊಂದನ್ನು ಕೊಟ್ಟಿದ್ದರು. ಅಡಿಯಲ್ಲಿ ಪುಸ್ತಕ ಇಟ್ಟರೆ ಒಂದೊಂದು ಅಕ್ಷರವೂ ಪರದೆಯ ಮೇಲೆ ಅಂಗೈಯಗಲ ಆಗುತ್ತಿತ್ತು. ಅದರ ಚಿಪ್ ಬೇರೆ ಯಾವುದೋ ಕಂಪನಿಯದು. ಹಳೆಯ ಕಾವಲುಗಾರರು ಮುಖ ನೋಡಿ ಬಾಗಿಲು ತೆರೆದುಕೊಟ್ಟಿದ್ದ ಕಂಪನಿ. ಅಸಲಿ ಪ್ರೋಗ್ರಾಂ ಮುಚ್ಚಿದ ಡಬ್ಬದಲ್ಲಿತ್ತು. ಒಂದು ದಿನ ಕಂಪನಿಯನ್ನು ಯಾರೋ ಕೊಂಡರು, ಕೊಂಡವರು ಆ ಚಿಪ್ ಅನ್ನು ಕೈಬಿಟ್ಟರು. ಪುರಸಭೆಯವರು ಯಂತ್ರದ ತಂತ್ರಾಂಶ ಹೊಸದು ಮಾಡಿದ ದಿನ ಹಿಲ್ಕಳ ಪರದೆ ಬರೀ ಬೂದು ಬಣ್ಣವಾಯಿತು.

ಆ ಚಳಿಗಾಲವೆಲ್ಲ ಓಸ್ಮೊ ಯಂತ್ರದ ಮುಂದೆ ಕೂತ. ಕರ್ನಲ್ಲಿನಲ್ಲಿ ಬಾಗಿಲು ಹಾಗೆಯೇ ಇತ್ತು. ಅದರಲ್ಲಿ ಓಡಾಡುತ್ತಿದ್ದ ಪ್ರೋಗ್ರಾಂ ಸತ್ತಿತ್ತು. ಅದು ಏನು ಹೊತ್ತು ತರುತ್ತಿತ್ತು, ಯಾವ ಮಾತಾಡುತ್ತಿತ್ತು, ಯಾರೂ ಬರೆದಿಟ್ಟಿರಲಿಲ್ಲ.

"ಬಿಡೋ ಅದನ್ನ" ಎಂದಳು ಹಿಲ್ಕ. "ನೀನೇ ಓದಿ ಹೇಳು."

"ನಾನು ಸತ್ರೆ?"

"ಆಗ ಮೆರ್ವಿ ಓದ್ತಾಳೆ."

ಅಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಮೆರ್ವಿ ನಕ್ಕಿದ್ದಳು. ಆ ಸತ್ತ ಬಾಗಿಲು ಇವತ್ತಿಗೂ ಇದೆ. ಪ್ರತಿ ವಸಂತದಲ್ಲಿ ಅದರ ಧೂಳು ಹೊಡೆಯುವ ಪಾಳಿ ಮೆರ್ವಿಯದು.

*

ಚರ್ಚಿನ ಸಭಾಮನೆಯಲ್ಲಿ ಸ್ಯಾಮನ್ ಮೀನಿನ ಸಾರು ಮುಗಿದಿತ್ತು. ಹಿಲ್ಕ ಮೇಜಿಂದ ಮೇಜಿಗೆ ತಾನೇ ಕಾಫಿ ಬಗ್ಗಿಸುತ್ತಿದ್ದಳು, ಬಟ್ಟಲಿನ ಅಂಚಿಗೆ ಬೆರಳಿಟ್ಟು ತುಂಬಿದ್ದು ತಿಳಿದುಕೊಳ್ಳುತ್ತಾ. ಮೆರ್ವಿ ಎದ್ದು ನಿಂತು ಸಂತಾಪಪತ್ರಗಳನ್ನು ಒಂದೊಂದಾಗಿ ಓದಿದಳು. ಪಕ್ಕದ ಮನೆಯವರದು, ಪುಸ್ತಕ ಬಸ್ಸಿನ ಓದುಗರದು, ಬರಲಾಗದ ಸೋದರತ್ತೆಯದು. ಓದಿದ್ದನ್ನೆಲ್ಲ ಜನ ತಲೆ ತಗ್ಗಿಸಿ ಕೇಳಿದರು.

ಮುಂದಿನದು ರಟ್ಟಿನ ಹೊದಿಕೆಯದು, ಮೇಲೆ ಚಿನ್ನದ ಅಕ್ಷರ. ಮೆರ್ವಿ ಬಿಡಿಸಿ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. 'ಓಸ್ಮೊ ತೆರೆಯಬೇಕೆಂದಿದ್ದ ಬಾಗಿಲನ್ನು ಅವನ ನೆನಪಿಗಾಗಿ ಸೋಮವಾರ ತೆರೆಯುತ್ತಿದ್ದೇವೆ. ಅವನ ಸ್ಥಾನದಲ್ಲಿರುವ ಮೆರ್ವಿ ಸಂತೋಷದಿಂದ ಒಪ್ಪಿದ್ದಾಳೆ. ಒಪ್ಪಿದವರ ಸಾಲಿನಲ್ಲಿ ಓಸ್ಮೊನ ಹೆಸರೂ ಇರುತ್ತದೆ.'

ಬದುಕಿರುವಾಗ ಕೊಡದ ಒಪ್ಪಿಗೆಯನ್ನು ಹೆಣದ ಕೈಯಿಂದ ಬರೆಸಿಕೊಳ್ಳಲು ಬಂದಿದ್ದರು. ಅದಕ್ಕೊಂದು ಹೂಮಾಲೆ ಬೇರೆ.

"ಯಾರದು?" ಎಂದಳು ಹಿಲ್ಕ.

"ಕಂಪನಿಯೋರದು."

"ಏನಂತೆ?"

ಸಕಾರಿ ಕೂತಲ್ಲಿಂದಲೇ ಮುಗುಳ್ನಕ್ಕ. "ಓದು ಮೆರ್ವಿ, ಕಾಯ್ತಿದ್ದಾರೆ."

ಹಿಲ್ಕ ಕಾಫಿ ಪಾತ್ರೆ ಹಿಡಿದು ಮೆರ್ವಿಯ ಪಕ್ಕಕ್ಕೆ ಬಂದಳು. "ಕೈ ಸುಡ್ತಿದೆ. ಇದನ್ನ ಎಲ್ಲಿಡಲೇ? ಬರೀ ಮೇಜಿನ ಮೇಲಿಟ್ರೆ ಚರ್ಚಿನೋರು ಬೈತಾರೆ."

ಮೆರ್ವಿ ಪತ್ರವನ್ನು ಮಡಿಸಿ ಮೇಜಿನ ಮೇಲಿಟ್ಟಳು. ಹಿಲ್ಕಳ ಮಣಿಕಟ್ಟು ಹಿಡಿದು ಅಲ್ಲಿಗೆ ತಂದಳು. "ಇಲ್ಲಿಡು. ರಟ್ಟು ದಪ್ಪ ಇದೆ."

ಪಾತ್ರೆ ಚಿನ್ನದ ಅಕ್ಷರಗಳ ಮೇಲೆ ಕೂತಿತು. ಟೊಯ್ವೊ ಈ ಸಲ ಕೆಮ್ಮುವ ಗೋಜಿಗೆ ಹೋಗಲಿಲ್ಲ, ನೇರವಾಗಿ ನಕ್ಕ.

ಸಕಾರಿ ಎದ್ದ. ಕುರ್ಚಿ ನೆಲಕ್ಕೆ ಕೀರಿತು. "ಎತ್ತು ಅದನ್ನ. ಎತ್ತಿ ಓದು. ನಾನು ಕೇಳ್ಕೊಳ್ತಿಲ್ಲ, ಹೇಳ್ತಿದ್ದೀನಿ."

ಮೆರ್ವಿ ಪಾತ್ರೆಯನ್ನು ಎತ್ತಿದಳು. ಕೆಳಗೆ ಹೊದಿಕೆಯ ಮೇಲೆ ಕಂದು ಬಳೆಯೊಂದು ಮೂಡಿತ್ತು. ಹಿಲ್ಕಳ ಬಟ್ಟಲಿಗೆ ಕಾಫಿ ಬಗ್ಗಿಸಿದಳು, ತನ್ನದಕ್ಕೂ ಬಗ್ಗಿಸಿಕೊಂಡಳು.

"ಓದಲ್ಲ" ಎಂದಳು. "ಸೋಮವಾರನೂ ಇಲ್ಲ."

ಪಾತ್ರೆಯನ್ನು ಮತ್ತೆ ಅದೇ ಬಳೆಯ ಮೇಲಿಟ್ಟು, ಮುಂದಿನ ಪತ್ರ ಬಿಡಿಸಿದಳು.