ನಾರಿನ ಕಾರ್ಖಾನೆಯ ಕೈಸನ್ನೆ

"ಅಫ್ಸರ್ ಪಾಷಾ! ಮದ್ದೂರು ಅಫ್ಸರ್ ಪಾಷಾ!"

ಮಂಡ್ಯದ ಕೋರ್ಟಿನ ಬಾಗಿಲಲ್ಲಿ ನಿಂತು ಜವಾನ ಎರಡನೇ ಸಲ ಕೂಗಿದ. ಪಾಷಾ ಅಂಗಳದಾಚೆ ಟೀ ಅಂಗಡಿಯ ಮುಂದೆ, ಈ ಕಡೆಗೇ ಮುಖ ಮಾಡಿಕೊಂಡು ಆರಾಮವಾಗಿ ಟೀ ಊದುತ್ತಿದ್ದರು. ಮೂವತ್ತು ವರ್ಷ ತೆಂಗಿನ ನಾರು ಬಡಿಯುವ ಮೆಷಿನ್ನಿನ ಪಕ್ಕ ನಿಂತವರ ಕಿವಿ ಇನ್ನೆಲ್ಲಿ ನೆಟ್ಟಗಿದ್ದೀತು!

ಜಗಲಿಯಲ್ಲಿ ಕೂತಿದ್ದ ದೇವಿರಮ್ಮ ದಡಕ್ಕನೆ ಎದ್ದಳು. ಕಾರ್ಮಿಕರ ಪಿಎಫ್ ಕಟ್ಟದ ತಪ್ಪಿಗೆ ಮದ್ದೂರಿನ ಕೋರ್ಟು ಪಾಷಾಗೆ ಆರು ತಿಂಗಳು ಜೈಲು ಹಾಕಿತ್ತು. ಅದರ ಮೇಲಿನ ಅಪೀಲಿನ ತೀರ್ಪು ಇವತ್ತು. ಮೂರನೇ ಕೂಗಿಗೂ ಬಾರದಿದ್ದರೆ ವಾರಂಟು.

ಇಷ್ಟಕ್ಕೆಲ್ಲ ಕಾರಣ ಅವಳೇ. ಪಾಷಾರ ನಾರಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಪೆನ್ಶನ್ ಕೇಳಲು ಹೋದಾಗ, ಸಂಬಳದಲ್ಲಿ ಹಿಡಿದ ದುಡ್ಡನ್ನು ಕೆಲವು ವರ್ಷ ಕಚೇರಿಗೆ ಕಟ್ಟೇ ಇಲ್ಲವೆಂದು ಗೊತ್ತಾಯಿತು. ಸಿಟ್ಟಿನಲ್ಲಿ ಅರ್ಜಿಗೆ ಹೆಬ್ಬೆಟ್ಟು ಒತ್ತಿಬಿಟ್ಟಳು. ಆ ದುಡ್ಡಿನಲ್ಲೇ ಪಾಷಾ ಕರೋನಾ ಕಾಲದಲ್ಲಿ ಎಲ್ಲರಿಗೂ ಕೂಲಿ ಕೊಟ್ಟಿದ್ದರಂತೆ. ನಮ್ಮ ದುಡ್ಡನ್ನೇ ನಮಗೆ ಕೊಟ್ಟು ಧರ್ಮಾತ್ಮ ಅನಿಸಿಕೊಂಡ ಮಹಾನುಭಾವ! ಗದರಿಸಿ ಕಟ್ಟಿಸುತ್ತಾರೆ ಅಂದುಕೊಂಡಿದ್ದಳೇ ಹೊರತು ಜೈಲಿನ ಮಾತು ಅವಳ ಕನಸಿನಲ್ಲೂ ಇರಲಿಲ್ಲ. ಆಮೇಲೆ ಪಾಷಾ ಲಾರಿ ಮಾರಿ ಬಾಕಿ ಪೂರ್ತಿ ಕಟ್ಟಿದರು. ಕೇಸು ಮಾತ್ರ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಅವಳು ಮಳವಳ್ಳಿಯ ಬಸ್ಸಿಳಿದು ಬಂದಾಗ ಪಾಷಾ ಹೆಂಡತಿ ಕುಲ್ಸುಮ್, "ಕೇಸ್ ಆಕ್ದೋಳು ತಮಾಸೆ ನೋಡಕ್ ಬಂದವ್ಳೆ" ಎಂದು ಗಂಡನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅಂದು ಮುಖ ತಿರುಗಿಸಿದ್ದಳು.

ಈಗ ಅದೇ ಕುಲ್ಸುಮ್ ಬೆಂಚಿನಿಂದ ಏಳಲಾಗದೆ ಮಂಡಿ ಹಿಡಿದುಕೊಂಡು ಕೂಗುತ್ತಿದ್ದಳು. "ಏ ಜೀ! ಬನ್ರೀ! ಅಯ್ಯೋ, ಕೇಳಿಸ್ತಿಲ್ವಲ್ಲಾ ಈ ಮನುಸ್ಯಂಗೆ!"

ದೇವಿರಮ್ಮ ಮೆಟ್ಟಿಲ ತುದಿಗೆ ಓಡಿದಳು. ಮೆಷಿನ್ನಿನ ಸದ್ದಿನಲ್ಲಿ ಮಾತು ಕೇಳದೆ ಕಾರ್ಖಾನೆಯವರೆಲ್ಲ ಕೈಸನ್ನೆಯಲ್ಲೇ ಬದುಕಿದವರು. ಅಂಗೈ ಬೋರಲು ಮಾಡಿ ಕೆಳಗೊತ್ತಿದರೆ ಮೆಷಿನ್ ನಿಂತಿತು, ಕೂತು ಸುಧಾರಿಸಿಕೋ ಎಂದು. ತಲೆಯ ಮೇಲೆ ಎರಡೂ ಕೈ ಅಡ್ಡ ಹಾಕಿದರೆ ಬೆಲ್ಟು ಕಿತ್ತಿದೆ, ಯಾರಿಗೋ ಏಟಾಗಿದೆ, ಓಡಿ ಬಾ ಎಂದು. ವಕೀಲರು, ಪೊಲೀಸರೆಲ್ಲ ನೋಡುತ್ತಿದ್ದಂತೆ ಅವಳು ತಲೆಯ ಮೇಲೆ ಕೈ ಅಡ್ಡ ಹಾಕಿ ನಿಂತಳು.

ಪಾಷಾ ಕೈಯಲ್ಲಿದ್ದ ಲೋಟ ಉರುಳಿತು. ಅರವತ್ತೆಂಟರ ಮುದುಕ ಅಂಗಳ ದಾಟಿ ಓಡಿ ಬಂದರು.

"ಯಾರ್ಗೇನಾಯ್ತು? ಯಾರ್ ಕೈ ಸಿಕ್ಕೊಂತು?"

"ನೀವೇ ಸಿಕ್ಕಾಕ್ಕೊಂಡಿರೋದು! ಒಳೀಕ್ ನಡೀರಿ ಸಾವ್ಕಾರ್ರೇ, ಮೂರ್ನೇ ಕಿತ ಕೂಗ್ತಾವ್ರೆ!" ಎಂದು ಅವರ ಕಿವಿಯಲ್ಲಿ ಕಿರುಚಿ ಒಳಗೆ ತಳ್ಳಿದಳು.

ಆಮೇಲೆ ಕುಲ್ಸುಮ್‌ಳನ್ನು ಕೈಹಿಡಿದು ಎಬ್ಬಿಸಿ ತಂದಳು; ಇಬ್ಬರು ಹೆಂಗಸರೂ ಬಾಗಿಲ ಬಳಿ ನಿಂತರು. ನ್ಯಾಯಾಧೀಶರದು ಮೆಲುದನಿ. ಕಟಕಟೆಯಲ್ಲಿ ನಿಂತ ಪಾಷಾ ಏನೂ ಕೇಳಿಸದೆ ನ್ಯಾಯಾಧೀಶರ ತುಟಿಯನ್ನೇ ನೋಡುತ್ತಿದ್ದರು. ತಪ್ಪು ಸಾಬೀತಾಗಿದೆ, ಆದರೆ ಬಾಕಿ ಪೂರ್ತಿ ಕಟ್ಟಿರುವುದರಿಂದ ಆರು ತಿಂಗಳ ಜೈಲು ಶಿಕ್ಷೆ ರದ್ದಾಗಿದೆ. ದಂಡ ಕಟ್ಟಿ, ಇವತ್ತು ಸಂಜೆ ಕೋರ್ಟು ಏಳುವವರೆಗೆ ಇಲ್ಲೇ ಕೂತಿದ್ದು ಮನೆಗೆ ಹೋಗಬಹುದು ಎಂದರು.

ಕುಲ್ಸುಮ್ ದೇವಿರಮ್ಮನ ರಟ್ಟೆ ಹಿಡಿದುಕೊಂಡಳು. "ಏನಂದ್ರು ದೇವಿರಮ್ಮ? ಏನಂದ್ರೇ?"

ದೇವಿರಮ್ಮ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪಾಷಾ ನ್ಯಾಯಾಧೀಶರನ್ನೂ ಬಿಟ್ಟು, ವಕೀಲರನ್ನೂ ಬಿಟ್ಟು ಬಾಗಿಲ ಕಡೆ ತಿರುಗಿದರು. ಏನಾಯಿತು ಎಂಬಂತೆ ದೇವಿರಮ್ಮನತ್ತ ಹುಬ್ಬೇರಿಸಿದರು.

ಅವಳು ಕೈ ಎತ್ತಿದಳು. ಅಂಗೈ ಬೋರಲು ಮಾಡಿ ನಿಧಾನವಾಗಿ ಕೆಳಗೊತ್ತಿದಳು.

ಪಾಷಾ ಸುತ್ತಲೂ ನೋಡಿ, ಹಿಂದಿನ ಬೆಂಚಿನ ತುದಿಗೆ ಹೋಗಿ ಕೂತರು.